ತಂಗಿಯ ಇನ್ನೊಬ್ಬ ಅಕ್ಕ

ಕ್ಯಾನ್ಸರ್ ಆಸ್ಪತ್ರೆಯ ಹಿಂಭಾಗದ ಕಟ್ಟಡದಲ್ಲಿ, ಬಟ್ಟೆ ಒಗೆಯುವ ಯಂತ್ರಗಳ ಸದ್ದು ಗೋಡೆ ದಾಟಿ ಬರುವ ಒಂದು ಕೋಣೆಯಲ್ಲಿ, ದೊಡ್ಡವಳು ಮನಶ್ಶಾಸ್ತ್ರದ ಸಂಶೋಧನೆ ಮಾಡುತ್ತಿದ್ದಳು. ಗರ್ಭಕಂಠದ ಕ್ಯಾನ್ಸರ್ ತರುವ ಎಚ್‌ಪಿವಿ ಎಂಬ ವೈರಸ್ಸಿಗೆ ಲಸಿಕೆ ಇದೆ. ಆ ವೈರಸ್ ಮೈ ಹೊಕ್ಕಿದೆಯೇ ಎಂದು ತಿಳಿಯಲು ಸುಲಭದ ತಪಾಸಣೆಯೂ ಇದೆ. ಹಾಗಿದ್ದೂ ತಾಯಂದಿರು ಹೆಣ್ಣುಮಕ್ಕಳಿಗೆ ಲಸಿಕೆ ಹಾಕಿಸಲು ಯಾಕೆ ಮೀನಮೇಷ ಎಣಿಸುತ್ತಾರೆ, ತಾವು ತಪಾಸಣೆಗೆ ಬರುವುದನ್ನು ಯಾಕೆ ಇವತ್ತು ನಾಳೆ ಎಂದು ತಳ್ಳುತ್ತಾರೆ ಎಂಬುದು ಅವಳ ಕೆಲಸದ ವಿಷಯ. ಅವಳ ತಾಯಿ ಸತ್ತದ್ದೂ ಅದೇ ಕಾಯಿಲೆಯಲ್ಲಿ. ಸಭೆಗಳಲ್ಲಿ ಅವಳು ಎದ್ದು ನಿಂತರೆ ಸಂಶಯಗಳೆಲ್ಲ ಒಂದೊಂದಾಗಿ ಉರುಳುತ್ತಿದ್ದವು. ಅಂಕಿ ಅಂಶ ಅವಳ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು.

ಆದರೆ ಹಿತ್ತಲ ಗಿಡ ಮದ್ದಲ್ಲ. ಅವಳ ಸ್ವಂತ ತಂಗಿಯೇ ಮಗಳಿಗೆ ಲಸಿಕೆ ಹಾಕಿಸಲು ಒಪ್ಪಿರಲಿಲ್ಲ. ಚಿಕ್ಕವಳು ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಳು. ಮಗಳು ಚೂಟಿಗೆ ಹನ್ನೆರಡು ತುಂಬಿತ್ತು. ದೊಡ್ಡವಳು ಹೋದಾಗಲೆಲ್ಲ ಮಾತು ತೆಗೆಯುವಳು. ಚಿಕ್ಕವಳು ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು, "ನೋಡೋಣ ಅಕ್ಕ," ಅನ್ನುವಳು. ಪಿನ್ನು ಕಚ್ಚಿದ ಬಾಯಿಂದ ಅದಕ್ಕಿಂತ ಹೆಚ್ಚು ಮಾತು ಹೊರಡುವಂತಿರಲಿಲ್ಲ. ಅದಕ್ಕೇ ಅವಳು ಪಿನ್ನು ಕಚ್ಚುತ್ತಿದ್ದಳೋ ಏನೋ.

ಆ ವರ್ಷ ಸಂಶೋಧನೆಗೆ ಹೊಸದಾಗಿ ಇನ್ನೊಬ್ಬಳು ಸೇರಿಕೊಂಡಳು. ಗಿಡ್ಡ ಆಳು, ಕೂತಲ್ಲಿ ಕೂರುವವಳಲ್ಲ. "ನನ್ನನ್ನ ಗುಬ್ಬಿ ಅಂತಲೇ ಕರೀರಿ. ಪೂರ್ತಿ ಹೆಸರು ಹೇಳೋಷ್ಟರಲ್ಲಿ ನಾನು ಹಾರಿಹೋಗಿರ್ತೀನಿ," ಎಂದು ಮೊದಲ ದಿನವೇ ಎಲ್ಲರನ್ನೂ ನಗಿಸಿದಳು. ಓದಿನಲ್ಲಿ ದೊಡ್ಡವಳಿಗೇನೂ ಕಡಿಮೆಯಿರಲಿಲ್ಲ. ಶಾಲೆಗಳ ಮೂಲಕ ಕರೆಸಿದ ತಾಯಂದಿರ ಗುಂಪನ್ನು ಅವಳಿಗೆ ವಹಿಸಿದರು. ಚೂಟಿಯ ಶಾಲೆಯಿಂದಲೂ ಕೆಲವರು ಬಂದರು. ಅವರಲ್ಲಿ ಚಿಕ್ಕವಳೂ ಇದ್ದಳು.

ಸಂಬಂಧಿಕರಿರುವ ಗುಂಪಿನಲ್ಲಿ ಸಂಶೋಧಕರು ಕೂರಬಾರದು ಎಂಬುದು ನಿಯಮ. ಆ ನಿಯಮ ಬರೆದವಳೂ ದೊಡ್ಡವಳೇ. ಹಾಗಾಗಿ ಆ ತಾಯಂದಿರು ಸೇರುತ್ತಿದ್ದ ಗುರುವಾರದ ಮಧ್ಯಾಹ್ನಗಳಲ್ಲಿ ಅವಳಿಗೆ ಇದ್ದಕ್ಕಿದ್ದಂತೆ ಬಾಯಾರತೊಡಗಿತು. ನೀರಿನ ಯಂತ್ರ ಇದ್ದದ್ದು ಆ ಗುಂಪಿನ ಕೋಣೆಯ ಎದುರಿಗೆ. ಒಳಗೆ ಮಾತು, ಆಮೇಲೆ ಉದ್ದದ ಮೌನ, ಆಮೇಲೆ ಒಮ್ಮೆಲೇ ನಗು. ಎಲ್ಲರ ನಗುವಿನ ಮೇಲೆ ತೇಲುತ್ತಿದ್ದುದು ತಂಗಿಯದು. ಗಂಟಲು ಬಿಚ್ಚಿದ ಆ ನಗುವನ್ನು ದೊಡ್ಡವಳು ಕೇಳಿ ಎಷ್ಟೋ ಕಾಲವಾಗಿತ್ತು. ಕೈಯಲ್ಲಿದ್ದ ಲೋಟದ ನೀರು ಕುಡಿಯದೆ ಗಿಡದ ಕುಂಡಕ್ಕೆ ಸುರಿದು ಬಂದಳು.

ಒಂದು ಭಾನುವಾರ ತಂಗಿಯ ಮನೆಗೆ ಹೋದಾಗ ಚೂಟಿ ಎಡತೋಳು ಉಜ್ಜಿಕೊಳ್ಳುತ್ತಿದ್ದಳು.

"ಏನಾಯ್ತೇ?"

"ಇಂಜೆಕ್ಷನ್ ದೊಡ್ಡಮ್ಮ. ನೋಯೋದೇನಿಲ್ಲ, ಅಮ್ಮನೇ ಕಣ್ಣು ಮುಚ್ಕೊಂಡಿದ್ದು."

ದೊಡ್ಡವಳು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತಳು. "ಹಾಕಿಸಿದ್ಯಾ?"

"ಹ್ಞೂಂ," ಎಂದಳು ಚಿಕ್ಕವಳು ಪಾತ್ರೆ ತೊಳೆಯುತ್ತಲೇ. "ಆ ಅಕ್ಕನ ಹತ್ರ ಮಾತಾಡಿದ ಮೇಲೆ ಮನಸ್ಸು ಹಗುರ ಆಯ್ತು."

"ಯಾವ ಅಕ್ಕ?"

"ಅದೇ, ಗುಬ್ಬಿ ಅಕ್ಕ."

ಒಳ್ಳೆಯ ಸುದ್ದಿ. ವರ್ಷಗಟ್ಟಲೆ ಹಂಬಲಿಸಿದ ಸುದ್ದಿ. ದೊಡ್ಡವಳು ನಕ್ಕು, ಚೂಟಿಯ ತಲೆ ಸವರಿ, ಜಾಣೆ ಎಂದಳು. ಆದರೆ ಮನೆಗೆ ಹೋಗುವ ಬಸ್ಸಿನಲ್ಲಿ ಹೊಟ್ಟೆಯೊಳಗೆ ಕೆಂಡ ಇಟ್ಟಂತಾಯಿತು. ಅಕ್ಕ ಎಂಬ ಮಾತು ಹುಟ್ಟಿದಾಗಿನಿಂದ ತನ್ನ ಸ್ವತ್ತು ಎಂದುಕೊಂಡಿದ್ದಳು. ಅದನ್ನು ತಂಗಿ ನಿನ್ನೆ ಮೊನ್ನೆ ಬಂದವಳ ಕೈಗೆ ಚಿಲ್ಲರೆ ಕೊಟ್ಟಷ್ಟು ಸಲೀಸಾಗಿ ಕೊಟ್ಟುಬಿಟ್ಟಿದ್ದಳು. ಅವಳೇನು ಮಂತ್ರ ಹಾಕಿದಳು? ನನಗಿಂತ ಹೆಚ್ಚೇನು ಹೇಳಿದಳು? ಇಳಿಯುವ ನಿಲ್ದಾಣ ದಾಟಿಹೋದದ್ದೂ ಅವಳಿಗೆ ತಿಳಿಯಲಿಲ್ಲ.

ಹೊಟ್ಟೆಕಿಚ್ಚಿಗೆ ಓದು ಬರಹ ಬಂದರೆ ಅದು ಬಹಳ ಮರ್ಯಾದೆಯ ಭಾಷೆಯಲ್ಲಿ ಮಾತಾಡುತ್ತದೆ. ಮಾರನೆಯ ದಿನ ದೊಡ್ಡವಳು ವಿಭಾಗದ ಮುಖ್ಯಸ್ಥೆಯ ಎದುರು ಕೂತು, "ಗುಂಪಿನಲ್ಲಿ ಮಾತು ದಾರಿ ತಪ್ತಿದೆ ಅನ್ಸುತ್ತೆ ಮೇಡಂ. ತಮಾಷೆ ಜಾಸ್ತಿ, ಕೇಳ್ಬೇಕಾದ ಪ್ರಶ್ನೆ ಕಡಿಮೆ. ನಾಳೆ ನಮ್ಮ ಫಲಿತಾಂಶನ ಯಾರೂ ನಂಬಲ್ಲ," ಎಂದಳು. ಒಂದೂ ಸುಳ್ಳಿರಲಿಲ್ಲ, ಒಂದೂ ನಿಜವಿರಲಿಲ್ಲ. ಮುಖ್ಯಸ್ಥೆ ಹಿರಿಯಳ ಮಾತಿಗೆ ಬೆಲೆ ಕೊಟ್ಟರು. ಗುಬ್ಬಿಯನ್ನು ಧ್ವನಿಮುದ್ರಣ ಕೇಳಿ ಬರೆಯುವ ಕೆಲಸಕ್ಕೆ ಕೂರಿಸಿದರು. ಚಿಕ್ಕವಳ ಹೆಸರನ್ನು ಬೇರೆ ಗುಂಪಿಗೆ ಸೇರಿಸಿ, ಉಳಿದ ತಾಯಂದಿರನ್ನು ದೊಡ್ಡವಳಿಗೆ ಕೊಟ್ಟರು.

ಚಿಕ್ಕವಳು ಬೇರೆ ಗುಂಪಿಗೆ ಹೋಗಲಿಲ್ಲ. ಅಕ್ಕ ಅಂಗಡಿಗೆ ಬಂದಾಗ ಹೊಲಿಗೆ ಯಂತ್ರ ನಿಲ್ಲಿಸಿದಳು. ಬಾಯಲ್ಲಿ ಪಿನ್ನಿರಲಿಲ್ಲ.

"ಅವರನ್ನ ತೆಗೆಸಿದ್ದು ನೀನೇನಾ?"

"ತೆಗೆಸೋದು ಅಂದ್ರೇನು, ಕೆಲಸ ಹಂಚಿದ್ದಾರೆ."

"ಅಕ್ಕ, ನನ್ನ ಹತ್ರ ಬೇಡ."

ದೊಡ್ಡವಳಿಗೂ ರೇಗಿತು. "ಹೌದು, ನಾನೇ! ಇಷ್ಟು ವರ್ಷ ಬಾಯಿ ನೋಯೋ ಹಾಗೆ ಹೇಳಿದೆ. ಕೇಳಿದ್ಯಾ? ಅವಳು ಬಂದು ಕಿಚಕಿಚ ಅಂದ ತಕ್ಷಣ ಓಡಿದೆ. ನಾನು ಹೇಳದೆ ಇರೋದು ಏನು ಹೇಳಿದ್ಳು ಅವಳು?"

"ಏನೂ ಹೇಳಲಿಲ್ಲ," ಎಂದಳು ಚಿಕ್ಕವಳು. "ಏನು ಭಯ ಅಂತ ಕೇಳಿದ್ರು. ನಾನು ಅತ್ತುಬಿಟ್ಟೆ. ಅವರು ಸುಮ್ನೆ ಕೂತಿದ್ರು."

"ಏನು ಭಯ ನಿಂಗೆ?"

ಚಿಕ್ಕವಳು ಕತ್ತರಿಯನ್ನು ಬಟ್ಟೆಯ ಮೇಲಿಟ್ಟಳು. "ಅಮ್ಮ ಹೋದಾಗ ನೆಂಟರ ಮುಂದೆ ನೀನು ವಿವರಿಸಿದ್ದೆ. ಇದು ಗಂಡು ಹೆಣ್ಣಿನ ಸಂಪರ್ಕದಿಂದ ಹರಡೋ ವೈರಸ್ಸಿಂದ ಬರುತ್ತೆ ಅಂತ. ಪಾಠ ಮಾಡೋ ಹಾಗೆ. ಅದು ನಿಜಾನೇ ಇರ್ಲಿ. ಆದ್ರೆ ಚಿಕ್ಕಪ್ಪ ಚಿಕ್ಕಮ್ಮ ಒಬ್ಬರ ಮುಖ ಒಬ್ಬರು ನೋಡ್ಕೊಂಡ್ರು. ಅಪ್ಪ ಎದ್ದು ಹೊರಗೆ ಹೋದ. ನೀನು ನೋಡ್ಲಿಲ್ಲ, ನಾನು ನೋಡ್ದೆ. ಚೂಟಿಗೆ ಅದೇ ಇಂಜೆಕ್ಷನ್ ಹಾಕ್ಸಿದ್ರೆ ಅಮ್ಮನ ಬಗ್ಗೆ ಅವರು ಅಂದ್ಕೊಂಡಿದ್ದನ್ನ ನಾನೂ ಒಪ್ಕೊಂಡ ಹಾಗೆ ಅನ್ನಿಸ್ತಿತ್ತು."

"ಅಯ್ಯೋ, ಅದು ಬಹಳ ಜನಕ್ಕೆ ಬಂದು ಹೋಗೋ ವೈರಸ್ ಕಣೇ. ಅದರಲ್ಲಿ ಮಾನ ಹೋಗೋದೇನಿದೆ? ಅಂಕಿ ಅಂಶ ನೋಡಿದ್ರೆ..."

"ನೋಡು," ಎಂದಳು ತಂಗಿ. "ಮತ್ತೆ ಶುರು ಮಾಡ್ದೆ."

ದೊಡ್ಡವಳಿಗೆ ತಪ್ಪು ತಿಳಿಯಿತು, ಉರಿ ಮಾತ್ರ ಆರಲಿಲ್ಲ. ತಂಗಿ ಅತ್ತದ್ದು ಇನ್ನೊಬ್ಬಳ ಮುಂದೆ ಎಂಬುದೇ ಅವಳ ಎದೆಯಲ್ಲಿ ಮುಳ್ಳಾಗಿ ಮುರಿದುಕೊಂಡಿತ್ತು.

ಗುರುವಾರ ಗುಂಪಿಗೆ ಅರ್ಧಕ್ಕರ್ಧ ಜನ ಬಂದಿರಲಿಲ್ಲ. ಬಂದವರು ಕೈಚೀಲವನ್ನು ತೊಡೆಯಿಂದ ಇಳಿಸಲಿಲ್ಲ. ದೊಡ್ಡವಳು ತಪಾಸಣೆ ಎಷ್ಟು ಸರಳ, ಎಷ್ಟು ಬೇಗ ಮುಗಿಯುತ್ತದೆ ಎಂದು ವಿವರಿಸಿದಳು. ಮೂಲೆಯಲ್ಲಿ ಕೂತ ಬ್ಯಾಂಕಿನ ಗುಮಾಸ್ತೆಯೊಬ್ಬಳು ಮೆಲ್ಲಗೆ ಕೇಳಿದಳು. "ನೀವು ಮಾಡಿಸ್ಕೊಂಡಾಗ ನೋವಾಯ್ತಾ ಮೇಡಂ?"

"ಇಲ್ಲ, ಏನೂ ಆಗಲ್ಲ," ಎಂದಳು ದೊಡ್ಡವಳು.

ಅವಳು ಮಾಡಿಸಿಕೊಂಡೇ ಇರಲಿಲ್ಲ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತಾರಲ್ಲ, ಹಾಗೆ. ಪ್ರತಿ ವರ್ಷ ಒಂದು ನೆವ ಸಿಗುತ್ತಿತ್ತು. ಅಮ್ಮನ ಹಾಸಿಗೆಯ ವಾಸನೆ ನೆನಪಾದರೆ ಸಾಕು, ತಪಾಸಣೆ ನಡೆಯುವ ಎರಡನೆಯ ಮಹಡಿಗೆ ಅವಳ ಕಾಲು ಏಳುತ್ತಿರಲಿಲ್ಲ. ಗುಮಾಸ್ತೆ ತಲೆಯಾಡಿಸಿದಳು, ನಂಬಲಿಲ್ಲ. ನಂಬದಿರುವ ಮುಖ ಹೇಗಿರುತ್ತದೆಂದು ದೊಡ್ಡವಳಿಗಿಂತ ಚೆನ್ನಾಗಿ ಬಲ್ಲವರು ಯಾರು?

ಗುಂಪು ಮುಗಿದ ಮೇಲೆ ಅವಳು ನೇರ ಗುಬ್ಬಿಯ ಮೇಜಿಗೆ ಹೋದಳು. ಗುಬ್ಬಿ ಕಿವಿಯ ಹೆಡ್‌ಫೋನು ತೆಗೆದಳೇ ಹೊರತು ಏಳಲಿಲ್ಲ.

"ಮುಖ್ಯಸ್ಥೆ ಹತ್ರ ನಾನೇ ಹೇಳಿದ್ದು," ಎಂದಳು ದೊಡ್ಡವಳು.

"ಗೊತ್ತು ಮೇಡಂ."

"ಹೊಟ್ಟೆ ಉರೀತು."

"ಅದೂ ಗೊತ್ತು. ನೀರು ಕುಡಿಯೋಕೆ ಬಂದು ಕುಂಡಕ್ಕೆ ಸುರೀತಿದ್ರಲ್ಲ, ಆ ಗಿಡ ಕೊಳೆತುಹೋಗಿದೆ." ಗುಬ್ಬಿ ನಗಲಿಲ್ಲ. "ನನಗೆ ತುಂಬಾ ಬೇಜಾರಾಯ್ತು. ಸರಿ ಹೋಯ್ತು ಅಂತ ಈಗ ಹೇಳಲ್ಲ."

"ಬೇಡ, ಹೇಳ್ಬೇಡಿ. ನಾಳೆ ಮುಖ್ಯಸ್ಥೆಗೆ ನಿಜ ಹೇಳಿ ಗುಂಪು ನಿಮಗೇ ಬಿಡಿಸಿಕೊಡ್ತೀನಿ." ದೊಡ್ಡವಳು ಕುರ್ಚಿಯ ಬೆನ್ನು ಹಿಡಿದುಕೊಂಡಳು. "ಇನ್ನೊಂದಿದೆ. ನಾನು ಇವತ್ತಿನವರೆಗೂ ಟೆಸ್ಟ್ ಮಾಡಿಸಿಲ್ಲ."

ಗುಬ್ಬಿ ಸುಮ್ಮನೆ ಕೂತಳು. ಆ ಮೌನದೊಳಗೆ ದೊಡ್ಡವಳು ಅಮ್ಮನ ಕೊನೆಯ ದಿನಗಳನ್ನು, ಎರಡನೆಯ ಮಹಡಿಯನ್ನು, ನೆವಗಳನ್ನೆಲ್ಲ ತಡವರಿಸುತ್ತ ಹೇಳಿಬಿಟ್ಟಳು. ಹೇಳುತ್ತಿರುವಾಗಲೇ, ತಂಗಿಯ ಅಳು ಹೊರಬಂದದ್ದು ಹೀಗೇ ಎಂದು ಹೊಳೆಯಿತು. ಅದಕ್ಕೂ ಒಂದು ಚೂರು ಹೊಟ್ಟೆ ಉರಿಯಿತು.

ಅವಳು ಮಾತಿನಂತೆ ನಡೆದುಕೊಂಡಳು. ಮುಖ್ಯಸ್ಥೆಯಿಂದ ಚೆನ್ನಾಗಿಯೇ ಬೈಸಿಕೊಂಡಳು. ಗುಬ್ಬಿಯೊಂದಿಗೆ ಮಹಡಿ ಹತ್ತಿ ತಪಾಸಣೆಯನ್ನೂ ಮಾಡಿಸಿಕೊಂಡಳು. ಫಲಿತಾಂಶ ಬಂತು, ವೈರಸ್ ಇತ್ತು. ವೈದ್ಯೆ ಮತ್ತೊಮ್ಮೆ ಪರೀಕ್ಷಿಸಿ, ಜೀವಕೋಶಗಳಲ್ಲಿ ಸಣ್ಣ ಬದಲಾವಣೆ ಕಾಣುತ್ತಿದೆ, ಕ್ಯಾನ್ಸರ್ ಅಲ್ಲ, ಈಗಲೇ ಚಿಕಿತ್ಸೆ ಮಾಡಿದರೆ ಸಾಕು ಎಂದರು. ವೈರಸ್ ಯಾರಿಗೆ ಬೇಕಾದರೂ ಬರಬಹುದೆಂಬುದನ್ನು ನೂರಾರು ಜನಕ್ಕೆ ಹೇಳಿದವಳು ಆ ಕಾಗದವನ್ನು ಕೈಚೀಲದ ತಳಕ್ಕೆ ತುರುಕಿ, ಯಾರಾದರೂ ನೋಡಿದರೇ ಎಂದು ಸುತ್ತ ಕಣ್ಣು ಹಾಯಿಸಿದಳು.

ಸಂಜೆ ತಂಗಿಯ ಅಂಗಡಿಗೆ ಹೋಗಿ ಎಲ್ಲ ಹೇಳಿದಳು. ಚಿಕ್ಕವಳ ಕೈಯಲ್ಲಿದ್ದ ಟೇಪು ಕೆಳಗೆ ಜಾರಿತು.

"ಯಾವಾಗ ಟೆಸ್ಟ್ ಮಾಡ್ಸಿದ್ದು? ಒಬ್ಬಳೇ ಹೋಗಿದ್ಯಾ?"

"ಇಲ್ಲ, ಗುಬ್ಬಿ ಬಂದಿದ್ಳು."

"ಅಂದ್ರೆ ಅವರಿಗೆ ಮೊದಲೇ ಗೊತ್ತು?" ಚಿಕ್ಕವಳ ಮುಖ ಕೆಂಪೇರಿತು. "ಒಡಹುಟ್ಟಿದ ನಾನು ಆಸ್ಪತ್ರೆಯಿಂದ ಎರಡು ಬೀದಿ ಆಚೆ ಇಲ್ಲೇ ಕೂತಿದ್ದೆ. ನಾನೇನು ಸತ್ತುಹೋಗಿದ್ನಾ? ಯಾರೋ ಹೊರಗಿನವರಿಗೆ ಹೇಳ್ಬೇಕಿತ್ತಾ?"

ಹೊರಗಿನವರು! ಆ ಮಾತು ಕೇಳಿ ದೊಡ್ಡವಳಿಗೆ ಆ ಭಯದ ನಡುವೆಯೂ ಹೊಟ್ಟೆ ತಣ್ಣಗಾಯಿತು. ತಂಗಿ ತನಗಾಗಿ ಉರಿಯುವುದನ್ನು ನೋಡಿ ಖುಷಿಪಡುತ್ತಿದ್ದೇನಲ್ಲ ಎಂದು ನಾಚಿಕೆಯೂ ಆಯಿತು. ಅಳಬೇಕೆಂದು ಬಂದವಳು ನಕ್ಕುಬಿಟ್ಟಳು. ಚಿಕ್ಕವಳು ಇನ್ನಷ್ಟು ಸಿಟ್ಟಾಗಿ ಅವಳ ತೋಳಿಗೊಂದು ಗುದ್ದಿದಳು, ಆಮೇಲೆ ಆ ತೋಳನ್ನೇ ಅಪ್ಪಿ ಹಿಡಿದುಕೊಂಡು ಅತ್ತಳು. ಈ ಸಲ ದೊಡ್ಡವಳು ಅಂಕಿ ಅಂಶ ಹೇಳಲಿಲ್ಲ.

ಚಿಕಿತ್ಸೆಯ ದಿನ ಚಿಕ್ಕವಳು ಅಂಗಡಿ ಮುಚ್ಚಿ ಬಂದಳು. ಬಾಗಿಲ ಹೊರಗಿನ ಬೆಂಚಿನಲ್ಲಿ ದೊಡ್ಡವಳ ಪಕ್ಕ ಗುಬ್ಬಿ ಆಗಲೇ ಕೂತಿದ್ದಳು.

"ಸ್ವಲ್ಪ ಜರುಗ್ತೀರಾ?" ಎಂದು ಚಿಕ್ಕವಳು ಬಿಗಿಯಾಗಿ ಹೇಳಿ, ಇಬ್ಬರ ನಡುವೆ ಇದ್ದಷ್ಟೇ ಜಾಗದಲ್ಲಿ ತೂರಿಕೊಂಡು ಕೂತಳು.