ನಾಲ್ಕನೆಯ ಔಟ್‌ಪುಟ್

ನನ್ನ ಗಂಡ ಸಾಗರ್ ತೀರಿಕೊಂಡು ನಾಲ್ಕು ತಿಂಗಳು ಹತ್ತು ದಿನ ಕಳೆದ ಮರುದಿನ ಅವನ ಜೊತೆ ಮದುವೆ ಹಾಲ್‌ಗಳಲ್ಲಿ ಪರದೆ ಹಾಕುವ ಕೆಲಸ ಮಾಡುತ್ತಿದ್ದ ಉಮ್ಮರ್ ಫೋನ್ ಮಾಡಿದರು. ಗಂಡ ಸತ್ತ ಹೆಂಗಸು ಅವರ ಮುಸ್ಲಿಮರಲ್ಲಿ ಅಷ್ಟು ದಿನ ಹೊರಗೆ ಬರುವುದಿಲ್ಲ. ನಮ್ಮಲ್ಲಿ ಆ ಲೆಕ್ಕವಿಲ್ಲ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ನನ್ನ ಪರವಾಗಿ ಅವರೇ ಎಣಿಸಿದ್ದರು.

"ಅಕ್ಕ, ಇವತ್ತು ಮವಾಲೇಹ್ ಹಾಲ್‌ನಲ್ಲಿ ಮದುವೆ ಉಂಟು, ಹೆಂಗಸರ ಕಡೆದು. ಪರದೆ ಮೇಲೆ ಚಿತ್ರ ಹರಿದು ಹೋಗ್ತಾ ಉಂಟು ಮಾರಾಯ್ರೆ. ಐದು ಗಂಟೆ ಮೇಲೆ ಗಂಡಸ್ರು ಒಳಗೆ ಹೋಗ್ಲಿಕ್ಕಿಲ್ಲ. ನೀವು ಕಲ್ತವರು ಅಲ್ವಾ?"

ನಾನು ಎಲೆಕ್ಟ್ರಾನಿಕ್ಸ್‌ನಲ್ಲಿ ಎಂ.ಎಸ್ಸಿ. ಮಾಡಿದ್ದೇನೆ. ಕೆಲಸಕ್ಕೆ ಹೋದವಳಲ್ಲ. ಬರುತ್ತೇನೆ ಎಂದೆ. ಈ ಗಲ್ಫ್ ಬಿಟ್ಟು ಊರಿನಲ್ಲಾಗಿದ್ದರೆ ಮದುವೆಗೆ ವಿಧವೆಯಾದ ನನ್ನನ್ನು ಯಾರೂ ಕರೆಯುತ್ತಿರಲಿಲ್ಲ.

ವೇದಿಕೆಯ ಹಿಂದೆ ಎರಡು ಎಲ್‌ಇಡಿ ಪರದೆಗಳನ್ನು ಜೋಡಿಸಿ ಒಂದೇ ಗೋಡೆ ಮಾಡಿದ್ದರು. ಅದರ ಮೇಲೆ ಬಿಳಿ ಕುದುರೆ ಓಡುತ್ತಿತ್ತು. ಸಂದಿಯಲ್ಲಿ ಅದರ ಕತ್ತು ಮುಂದೆ ಹೋಗಿ ಮೈ ಹಿಂದೆ ಉಳಿಯುತ್ತಿತ್ತು.

"ಅವ ಇದ್ದಾಗ ಹೀಗೆ ಇರ್ಲಿಲ್ಲ" ಎಂದರು ಉಮ್ಮರ್. "ಪ್ರತಿ ಸಲ ಎಂತದೋ ಒತ್ತುತ್ತಿದ್ದ. ಕೇಳಿದ್ರೆ, ನೀನು ಕೇಬಲ್ ಸುತ್ತು ಸಾಕು ಅಂತಿದ್ದ."

ಚಿತ್ರಗಳನ್ನು ಪರದೆಗೆ ಕಳಿಸುವ ಕಂಪ್ಯೂಟರನ್ನು, ಅವರು ಮೀಡಿಯಾ ಸರ್ವರ್ ಎನ್ನುವುದನ್ನು, ಅವನು ಹೋದ ಮೇಲೆ ಯಾರೂ ಆಫ್ ಮಾಡಿರಲಿಲ್ಲ; ಸಾಗಿಸುವಾಗಲೂ ಬ್ಯಾಟರಿಗೆ ಸಿಕ್ಕಿಸಿಯೇ ಒಯ್ಯುತ್ತಿದ್ದರು. ಗ್ರಾಫಿಕ್ಸ್ ಕಾರ್ಡಿನ ಸೆಟ್ಟಿಂಗ್ ತೆರೆದೆ. ನಾಲ್ಕು ಔಟ್‌ಪುಟ್. ಒಂದು ನನ್ನೆದುರಿನ ಮಾನಿಟರ್‌ಗೆ, ಎರಡು ಗೋಡೆಗೆ. ನಾಲ್ಕನೆಯದಕ್ಕೆ ಕನ್ನಡದಲ್ಲಿ ಹೆಸರಿತ್ತು: ಮನೆ.

ಹಿಂದೆ ಬಗ್ಗಿ ನೋಡಿದೆ. ಅದಕ್ಕೆ ಕೇಬಲ್ ಇರಲಿಲ್ಲ.

"ನಾನೂ ಓದಿದೆ ಅಕ್ಕ. ನಮ್ಮ ಕಂಪೆನಿಯ ಮಲಯಾಳಿಗಳಿಗೆ ಓದ್ಲಿಕ್ಕೆ ಬರುದಿಲ್ಲ, ಅವರು ತೆಗಿ ತೆಗಿ ಅಂದ್ರು. ನಾನು ಬಿಡ್ಲಿಲ್ಲ. ಮನೆ ಅಂತ ಬರೆದದ್ದನ್ನು ಹೇಗೆ ಅಳಿಸುದು?"

ಅಲ್ ಖೌದ್‌ನ ನಮ್ಮ ಫ್ಲ್ಯಾಟ್‌ನಲ್ಲಿ, ಊಟದ ಮೇಜಿನ ಮೇಲೆ, ಸಾಗರ್ ಈ ಸರ್ವರ್ ಇಟ್ಟುಕೊಂಡು ಶೋ ಸಿದ್ಧ ಮಾಡುತ್ತಿದ್ದ. ಅಲ್ಲಿನ ಮಾನಿಟರ್‌ನ ಗುರುತನ್ನು ಕಾರ್ಡಿನಲ್ಲಿ ಉಳಿಸಿದ್ದ. ಗುರುತು ಇರುವವರೆಗೆ, ಕೇಬಲ್ ಕಿತ್ತರೂ, ಪರದೆ ಅಲ್ಲೇ ಇದೆ ಎಂದು ಕಾರ್ಡ್ ನಂಬುತ್ತದೆ. ಮೌಸನ್ನು ಬಲಕ್ಕೆ ತಳ್ಳಿದೆ. ಬಾಣ ಗೋಡೆಯ ಕೊನೆಯ ಅಂಚು ದಾಟಿ ಕಾಣದಾಯಿತು. ಅದು ನಮ್ಮ ಮನೆಯೊಳಗೆ ಓಡಾಡುತ್ತಿತ್ತು. ಬೇಗ ಹಿಂದಕ್ಕೆ ಎಳೆದುಕೊಂಡೆ.

ತಪ್ಪು ಸ್ಪಷ್ಟವಾಗಿತ್ತು. ಪರದೆಗಳೆಲ್ಲ ಯಾವುದೋ ಒಂದರ ತಾಳ ಹಿಡಿಯಬೇಕು. ಆ ಒಂದು 'ಮನೆ' ಆಗಿತ್ತು. ಅದು ಸೆಕೆಂಡಿಗೆ ಅರವತ್ತು ಚಿತ್ರ ತೋರಿಸುವುದು. ಗೋಡೆಯದು ಐವತ್ತು. ಸಾಗರ್ ಶೋಗೆ ಮೊದಲು ಅದನ್ನು ತೆಗೆದು, ಮುಗಿದ ಮೇಲೆ ಮನೆಗೆ ತಂದು ಮತ್ತೆ ಸೇರಿಸುತ್ತಿದ್ದಿರಬೇಕು. ಎಲ್ಲಕ್ಕೂ ಅದರ ತಾಳವನ್ನೇ ಯಾಕೆ ಇಡುತ್ತಿದ್ದ, ತಿಳಿಯದು. ನಾನು ತೆಗೆದರೆ ಮತ್ತೆ ಸೇರಿಸಲು ಆ ಮಾನಿಟರೇ ಬೇಕು. ಅದನ್ನು ಹೋದ ತಿಂಗಳು ಯಾರಿಗೋ ಕೊಟ್ಟಿದ್ದೆ. ಯಾರಿಗೆ ಎಂದು ನೆನಪಾಗಲಿಲ್ಲ.

ಐದಾಯಿತು. ಉಮ್ಮರ್ ಹೊರಗೆ ಹೋದರು. ಹೆಂಗಸರು ಬರತೊಡಗಿದರು, ಅತ್ತರಿನ ವಾಸನೆ ತುಂಬಿತು. ಮದುಮಗಳ ತಾಯಿ ತುಂಡಾದ ಕುದುರೆಯನ್ನೂ ನನ್ನನ್ನೂ ನೋಡಿದರು.

"ಯಲ್ಲಾ, ಬಿಂತಿ" ಎಂದರು. ಬೇಗ, ಮಗಳೇ ಎಂದರು.

ತೆಗೆದೆ.

ಕುದುರೆ ಇಡಿಯಾಗಿ ಸಂದಿ ದಾಟಿತು. ಇಲ್ಲದ ಪರದೆಯಲ್ಲಿ ತೆರೆದೇ ಇದ್ದ ವಿಂಡೊ ಒಂದು ನನ್ನ ಮಾನಿಟರ್‌ಗೆ ಹಾರಿ ಬಂತು. ತಾಳ ಪರೀಕ್ಷಿಸಲು ಸಾಗರ್ ಕೊನೆಯ ದಿನ ಶುರು ಮಾಡಿಟ್ಟಿದ್ದ ಎಣಿಕೆ. ಅಂದಿನಿಂದ ಅರವತ್ತೇಳು ಕೋಟಿ ಚಿಲ್ಲರೆ ಚಿತ್ರಗಳು. ಇನ್ನೂ ಏರುತ್ತಿತ್ತು.

ಫೋನ್ ಬಂತು.

"ಸರಿ ಆಯ್ತಾ ಅಕ್ಕ?"

"ಆಯ್ತು."

"ಎಂತ ಮಾಡಿದ್ರಿ?"

"ಮನೆ ತೆಗೆದೆ."

ಉಮ್ಮರ್ "ಖಲಾಸ್ ಅಲ್ವಾ ಹಾಗಾದ್ರೆ" ಎಂದರು. ಹೌದು ಎಂದೆ.

ಮದುಮಗಳು ಒಳಗೆ ಬಂದಳು. ಎಣಿಕೆಯ ವಿಂಡೊವನ್ನು ಮುಚ್ಚಲಿಲ್ಲ. ಕೆಲಸಕ್ಕೆ ಅಡ್ಡವಾಗದಂತೆ ಮೂಲೆಗೆ ಸರಿಸಿದೆ. ಅದೀಗ ಗೋಡೆಯ ತಾಳದಲ್ಲಿ, ಸ್ವಲ್ಪ ನಿಧಾನವಾಗಿ, ಎಣಿಸುತ್ತಿತ್ತು.