ನೋಡೋಣ ಅಂದ ತಪ್ಪಿಗೆ

ನೋಂದಣಿಯ ಕೊನೆಯ ದಿನ, ಮಧ್ಯಾಹ್ನ ಮೂರು ದಾಟುವ ಹೊತ್ತಿಗೆ, ಮೂರನೇ ಕೌಂಟರಿನಲ್ಲಿ ಕೂತವಳಿಗೆ ತನ್ನ ದನಿ ಬೇರೆ ಯಾರದೋ ಅನ್ನಿಸತೊಡಗಿತ್ತು. ಯಾವ ಪೇಪರ್ ತೆಗೆದುಕೊಳ್ಳಬೇಕು, ಯಾವುದು ಪಾಸಾಗದೆ ಯಾವುದಕ್ಕೆ ಕೂರುವಂತಿಲ್ಲ ಎಂದು ಬೆಳಗಿನಿಂದ ನೂರಕ್ಕೂ ಹೆಚ್ಚು ಮಂದಿಗೆ ಹೇಳಿ ಹೇಳಿ ಗಂಟಲು ಒಣಗಿತ್ತು. ವಿಶ್ವವಿದ್ಯಾಲಯದವರು ಅವಳಿಗೆ ಕೊಟ್ಟಿದ್ದ ಹೆಸರು ವಿದ್ಯಾರ್ಥಿ ಸಲಹೆಗಾರ್ತಿ. ಅದೂ ಹಂಗಾಮಿ, ಮುಂದಿನ ತಿಂಗಳು ನೇಮಕದ ಆದೇಶ ಹೊಸದಾಗಬೇಕು. ಐದು ಗಂಟೆಗೆ ಕಂಪ್ಯೂಟರು ತಾನಾಗಿ ನೋಂದಣಿ ಮುಚ್ಚುತ್ತದೆ, ಅಲ್ಲಿವರೆಗೆ ಹೇಗೋ ತಳ್ಳಿದರಾಯಿತು ಎಂದು ಅವಳು ಗೋಡೆ ಗಡಿಯಾರದ ಕಡೆ ಕಣ್ಣಿಟ್ಟಿದ್ದಳು.

ಈ ಕೆಲಸಕ್ಕೆ ಬೇಕಾದ್ದೆಲ್ಲ ಅವಳಲ್ಲಿತ್ತು, ಒಂದನ್ನು ಬಿಟ್ಟು. ‘ಆಗಲ್ಲ’ ಅನ್ನಲು ನಾಲಿಗೆ ಹೊರಳುತ್ತಿರಲಿಲ್ಲ. ಎದುರಿಗೆ ನಿಂತವರ ಮುಖ ಸಣ್ಣದಾಗುವುದನ್ನು ನೋಡಲಾರದೆ, ಕಣ್ಣು ತಗ್ಗಿಸಿ ‘ನೋಡೋಣ’ ಅಂದುಬಿಡುತ್ತಿದ್ದಳು. ಅದು ತಾಯಿಯಿಂದ ಬಂದ ಮಾತು. ಚಿಕ್ಕಂದಿನಲ್ಲಿ ಹೊಸ ಚಪ್ಪಲಿ ಕೇಳಿದರೂ, ಗೆಳತಿಯ ಮನೆಗೆ ಹೋಗ್ತೀನಿ ಅಂದರೂ ಅಮ್ಮ ಪಾತ್ರೆ ತೊಳೆಯುತ್ತ ‘ನೋಡೋಣ’ ಅನ್ನುವಳು. ಅಲ್ಲಿಗೆ ಆ ವಿಷಯ ಮುಗಿಯಿತೆಂದು ಅಕ್ಕತಂಗಿಯರಿಬ್ಬರೂ ತೆಪ್ಪಗಾಗುತ್ತಿದ್ದರು. ವಿದ್ಯಾರ್ಥಿಗಳಿಗೂ ಇದು ಬೇಗ ಅರ್ಥವಾಗಿತ್ತು. ‘ನೋಡೋಣ ಮೇಡಂ ಹತ್ರ ಹೋಗ್ಬೇಡ್ರೇ, ಮುಖ ಮುಖ ನೋಡ್ಕೊಂಡು ಕೂತಿರ್ಬೇಕಾಗುತ್ತೆ’ ಎಂದು ಸಾಲಿನಲ್ಲಿ ಯಾರೋ ಹೇಳಿದ್ದು ಅವಳ ಕಿವಿಗೂ ಬಿದ್ದಿತ್ತು.

ಮೂರೂವರೆಗೆ ಬಂದ ಹೆಂಗಸಿಗೆ ಮಾತ್ರ ಅದು ಅರ್ಥವಾಗಿರಲಿಲ್ಲ. ವಯಸ್ಸು ನಲವತ್ತರ ಮೇಲೆ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಬೆಳಗಿನ ಪಾಳಿ; ಬಿಸಿನೀರು, ಸೋಪಿನಲ್ಲಿ ಬೆರಳ ತುದಿಗಳು ಸುಕ್ಕುಗಟ್ಟಿ ಬೆಳ್ಳಗಾಗಿದ್ದವು. ತರಗತಿಯ ಹುಡುಗಿಯರೆಲ್ಲ ಅವಳನ್ನು ಲಾಂಡ್ರಿ ಅಕ್ಕ ಅನ್ನುತ್ತಿದ್ದರು. ಪದವಿಗೆ ಸೇರಿ ಇದು ಆರನೇ ವರ್ಷ, ಒಂದೊಂದೇ ಪೇಪರ್ ಮುಗಿಸುತ್ತ ಬಂದು ಈಗ ಉಳಿದಿದ್ದು ಸಂಖ್ಯಾಶಾಸ್ತ್ರ ಒಂದೇ. ಆರು ವರ್ಷದೊಳಗೆ ಮುಗಿಸದಿದ್ದರೆ ಹಿಂದೆ ಪಾಸಾದದ್ದೂ ಲೆಕ್ಕಕ್ಕಿಲ್ಲ ಎಂಬುದು ನಿಯಮ. ಈ ಸೆಮಿಸ್ಟರೇ ಕೊನೆಯ ಅವಕಾಶ.

ಅವಳು ಬ್ಯಾಗನ್ನು ಕಾಲ ಬಳಿ ಇಟ್ಟು, ಸಂಜೆ ತರಗತಿ ಯಾವ ಕೊಠಡಿಯಲ್ಲಿ ಎಂದು ಕೇಳಿದಳು. ಸಲಹೆಗಾರ್ತಿ ಕಂಪ್ಯೂಟರಿನಲ್ಲಿ ಹುಡುಕಿದಳು. ಹೆಸರಿರಲಿಲ್ಲ. ಕಾಯುವವರ ಪಟ್ಟಿಯಲ್ಲೂ ಇರಲಿಲ್ಲ, ಆ ಪಟ್ಟಿ ನಿನ್ನೆಗೇ ಮುಗಿದಿತ್ತು.

‘ಪಟ್ಟಿಗೆ ಹೆಸರು ಕೊಡ್ಲಿಲ್ವಾ ಅಕ್ಕ?’

‘ನೀವೇ ನೋಡೋಣ ಅಂದಿದ್ರಲ್ಲ ಮೇಡಂ.’

ಹತ್ತು ದಿನದ ಹಿಂದಿನದು ಆಗ ನೆನಪಾಯಿತು. ಬೆಳಗಿನ ತರಗತಿ ನನ್ನ ಪಾಳಿಗೆ ಹೊಂದಲ್ಲ, ಸಂಜೆಯದರಲ್ಲಿ ಜಾಗ ಮಾಡಿಕೊಡಿ ಎಂದು ಇದೇ ಹೆಂಗಸು ಕೇಳಿದ್ದಳು. ನಲವತ್ತೂ ಜಾಗ ಭರ್ತಿಯಾಗಿದ್ದವು. ‘ಆಗಲ್ಲ, ಮೊದಲನೇ ಕೌಂಟರಿಗೆ ಹೋಗಿ ಕಾಯುವ ಪಟ್ಟಿಗೆ ಬರೆಸಿ’ ಅಂದಿದ್ದರೆ ಸಾಕಿತ್ತು. ಇವಳು ‘ನೋಡೋಣ’ ಅಂದಿದ್ದಳು. ಆಮೇಲೆ ಮೂವರು ಬಿಟ್ಟುಹೋಗಿ, ಪಟ್ಟಿಯಲ್ಲಿದ್ದ ಮೂವರಿಗೆ ಜಾಗ ಸಿಕ್ಕಿತ್ತು. ಆ ದಿನವೇ ಬರೆಸಿದ್ದರೆ ಲಾಂಡ್ರಿ ಅಕ್ಕ ಎರಡನೆಯವಳಾಗಿರುತ್ತಿದ್ದಳು.

ಸಲಹೆಗಾರ್ತಿ ಅದನ್ನೂ ಹೇಳಬೇಕಾಯಿತು. ಹೇಳುವಾಗ ಕೌಂಟರಿನ ಅಂಚು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಹೆಂಗಸು ಕೂಗಾಡಲಿಲ್ಲ.

‘ನಮ್ಮಪ್ಪ ನೋಡೋಣ ಅಂದ್ರೆ ಸಂಜೆಯೊಳಗೆ ನೋಡಿರ್ತಿದ್ರು,’ ಅಂದಳು. ‘ಆಗಲ್ಲ ಅಂದಿದ್ರೆ ನಾನೇ ಓಡಾಡ್ಕೋತಿದ್ದೆನಲ್ಲ ತಾಯಿ. ಓಡಾಡೋದು ನನಗೇನು ಹೊಸದಾ?’

ಸಲಹೆಗಾರ್ತಿ ಎದ್ದಳು. ಹಿಂದೆ ಸಾಲಿನಲ್ಲಿದ್ದವರು ಗೊಣಗಿದರು. ಪಕ್ಕದ ಕೌಂಟರಿಗೆ ಹೋಗಿ ಎಂದು ಕೈ ತೋರಿಸಿ, ಹೆಂಗಸನ್ನು ಕರೆದುಕೊಂಡು ಒಳಕೋಣೆಯ ಮೇಲ್ವಿಚಾರಕರ ಬಳಿ ಹೋದಳು. ಠಸ್ಸೆ ಬೀಳದ ಕಾಗದ ಕಾಗದವೇ ಅಲ್ಲ ಎಂದು ನಂಬಿದ್ದ ಅವರಿಗೆ ಕಚೇರಿಯಲ್ಲಿ ಠಸ್ಸೆ ಸರ್ ಎಂದೇ ಹೆಸರು. ನಿವೃತ್ತಿಗೆ ಇನ್ನೆಂಟು ತಿಂಗಳು; ಇಷ್ಟು ವರ್ಷದ ಆಯಾಸ ಈಗಾಗಲೇ ಮುಖದ ಮೇಲೆ ಬಂದು ಕೂತಿತ್ತು. ಕಥೆ ಕೇಳಿ ಕನ್ನಡಕ ತೆಗೆದು ಮೂಗು ಉಜ್ಜಿಕೊಂಡರು. ವಿಶೇಷ ಪ್ರವೇಶದ ಅರ್ಜಿಯೊಂದಿದೆ, ಆದರೆ ‘ಕಾರಣ’ ಎಂಬ ಕಾಲಮ್ಮಿನಲ್ಲಿ ಎರಡೇ ನಡೆಯುತ್ತವೆ ಅಂದರು: ವಿದ್ಯಾರ್ಥಿಯ ಅನಾರೋಗ್ಯ, ಇಲ್ಲವೇ ಕಚೇರಿಯ ತಪ್ಪು. ಆಸ್ಪತ್ರೆಯವರಲ್ವಾ, ಒಂದು ವೈದ್ಯರ ಚೀಟಿ ಬರೆಸಿಕೊಂಡು ಬಂದರೆ ಎಲ್ಲರಿಗೂ ಸಲೀಸು ಎಂದೂ ಸೇರಿಸಿದರು.

ಹದಿನೆಂಟು ವರ್ಷದ ಕೆಲಸದಲ್ಲಿ ಹುಷಾರಿಲ್ಲ ಅಂತ ಸುಳ್ಳು ರಜೆ ಹಾಕಿದವಳಲ್ಲ, ಈಗ ಪದವಿಗೋಸ್ಕರ ರೋಗಿ ಆಗಲಾ ಎಂದು ಹೆಂಗಸು ಕೇಳಿದಳು.

‘ಹಾಗಾದ್ರೆ ಕಚೇರಿ ತಪ್ಪು ಅಂತ ಬರೀಬೇಕು,’ ಅಂದರು ಠಸ್ಸೆ ಸರ್, ಸಲಹೆಗಾರ್ತಿಯ ಕಡೆ ತಿರುಗಿ. ‘ಯಾರ ತಪ್ಪು, ಏನು ತಪ್ಪು, ಬಿಡಿಸಿ ಬರೀಬೇಕು. ಪ್ರತಿ ನಿನ್ನ ಫೈಲಿಗೆ ಹೋಗುತ್ತಮ್ಮ. ಮುಂದಿನ ತಿಂಗಳು ಆದೇಶ ಹೊಸದು ಮಾಡೋವಾಗ ಮೇಲಿನವರು ಅದೇ ಫೈಲು ತೆಗೀತಾರೆ. ಯೋಚನೆ ಮಾಡು.’

ಯೋಚನೆ ಮಾಡಲು ಅವಳಲ್ಲಿ ತ್ರಾಣವಿರಲಿಲ್ಲ. ಅದು ಧೈರ್ಯವೋ, ಸುಸ್ತೋ ಅವಳಿಗೇ ತಿಳಿಯಲಿಲ್ಲ. ನಿಂತಲ್ಲೇ ಪೆನ್ನು ತೆಗೆದು, ದುಂಡಗಿನ ಅಕ್ಷರದಲ್ಲಿ ಬರೆದಳು: ‘ಜಾಗವಿಲ್ಲವೆಂದು ಗೊತ್ತಿದ್ದೂ ನಾನು ನೋಡೋಣ ಎಂದು ಹೇಳಿದೆ. ನೋಡಲಿಲ್ಲ.’ ಕೆಳಗೆ ಸಹಿ.

ಠಸ್ಸೆ ಸರ್ ಎರಡು ಸಲ ಓದಿದರು.

‘ಇಷ್ಟು ನೆಟ್ಟಗೆ ಯಾರಾದ್ರೂ ಬರೀತಾರೇನಮ್ಮ? ಮಾಹಿತಿ ನೀಡುವಲ್ಲಿ ಲೋಪ ಅಂತ ಹಾಕಬಾರದಾ?’

‘ಅದು ಇನ್ನೊಂದು ನೋಡೋಣ ಆಗುತ್ತೆ ಸರ್.’

ಅವರು ಠಸ್ಸೆ ಒತ್ತಿದರು.

ಇನ್ನು ಮೇಷ್ಟ್ರ ಸಹಿ ಉಳಿದಿತ್ತು. ಲಿಫ್ಟು ಕೆಟ್ಟಿತ್ತು. ನಾಲ್ಕು ಮಹಡಿ ಹತ್ತುವಾಗ ಲಾಂಡ್ರಿ ಅಕ್ಕ ಮುಂದೆ, ಏದುಸಿರು ಬಿಡುತ್ತ ಸಲಹೆಗಾರ್ತಿ ಹಿಂದೆ. ಸಂಖ್ಯಾಶಾಸ್ತ್ರದ ಮೇಷ್ಟ್ರು ಹೊರಡಲು ಬೀಗ ಕೈಯಲ್ಲಿ ಹಿಡಿದಿದ್ದರು. ನಲವತ್ತು ಕುರ್ಚಿಗೆ ನಲವತ್ತು ಜನ, ಇನ್ನೊಬ್ಬರನ್ನು ನನ್ನ ತಲೆ ಮೇಲೆ ಕೂರಿಸಿಕೊಳ್ಳಲಾ ಎಂದು ರೇಗಿದರು. ತಾನು ದಿನಾ ಎಂಟು ಗಂಟೆ ನಿಂತೇ ದುಡಿಯುವವಳು, ಗೋಡೆ ಪಕ್ಕ ನಿಂತು ಪಾಠ ಕೇಳ್ತೀನಿ ಅಂದಳು ಹೆಂಗಸು. ಮೇಷ್ಟ್ರು ಕಾರಣದ ಕಾಲಮ್ಮು ಓದಿದರು, ಸಲಹೆಗಾರ್ತಿಯ ಮುಖ ನೋಡಿದರು, ಬಾಗಿಲಿಗೇ ಕಾಗದ ಆನಿಸಿ ಸಹಿ ಹಾಕಿದರು.

ನಾಲ್ಕು ಐವತ್ತನಾಲ್ಕಕ್ಕೆ ಕಂಪ್ಯೂಟರು ನಲವತ್ತೊಂದನೆಯ ಹೆಸರನ್ನು ಒಪ್ಪಿಕೊಂಡಿತು. ಚೀಟಿ ಮುದ್ರಣವಾಗಿ ಬಂತು. ಹೆಂಗಸು ಅದರಲ್ಲಿನ ತನ್ನ ಹೆಸರು, ಪೇಪರಿನ ಹೆಸರು, ಕೊಠಡಿ ಸಂಖ್ಯೆ ಮೂರನ್ನೂ ಬೆರಳಿಟ್ಟು ಓದಿ ಖಾತ್ರಿ ಮಾಡಿಕೊಂಡಳು. ಥ್ಯಾಂಕ್ಸ್ ಅನ್ನಲಿಲ್ಲ. ಅನ್ನಬೇಕೆಂದು ಸಲಹೆಗಾರ್ತಿಗೂ ಅನ್ನಿಸಲಿಲ್ಲ. ಬ್ಯಾಗು ಹೆಗಲಿಗೇರಿಸಿ ಹೊರಟವಳು ಬಾಗಿಲ ಬಳಿ ಅರೆಗಳಿಗೆ ತಿರುಗಿ, ‘ನೀರಾದ್ರೂ ಕುಡೀರಿ, ಮುಖ ಬಿಳಿಚ್ಕೊಂಡಿದೆ’ ಎಂದು ಹೇಳಿ ಹೋದಳು.

ಒಳಕೋಣೆಯಲ್ಲಿ ಠಸ್ಸೆ ಸರ್ ಸಲಹೆಗಾರ್ತಿಯ ಹೆಸರಿನ ಫೈಲನ್ನು ಬೀರುವಿನಿಂದ ತೆಗೆದು, ಅರ್ಜಿಯ ಪ್ರತಿಗೆ ಎರಡು ತೂತು ಹೊಡೆದು, ದಾರ ಪೋಣಿಸಿ, ಗಂಟು ಬಿಗಿಯುತ್ತಿದ್ದರು. ಅವಳು ಬಾಟಲಿಯ ಮುಚ್ಚಳ ತೆಗೆದು ನೀರು ಕುಡಿಯುತ್ತ, ಗಂಟು ಬೀಳುವವರೆಗೂ ಅದನ್ನೇ ನೋಡುತ್ತ ನಿಂತಳು.