ಅವಳು ಎರಕ ಹೊಯ್ದ ಹಲ್ಲು

ನನ್ನ ಹೆಂಡತಿ ಹಲ್ಲು ಮಾಡುವ ಕೆಲಸದವಳು. ಡಾಕ್ಟರು ಕಳಿಸಿದ ಅಚ್ಚಿನ ಮೇಲೆ ಮೇಣದಲ್ಲಿ ಹಲ್ಲು ತಿದ್ದಿ, ಲೋಹದ ಎರಕ ಹೊಯ್ದು, ಉಜ್ಜಿ ಹೊಳಪು ಕೊಡುತ್ತಿದ್ದಳು. ನನ್ನ ಉದುರಿದ ದವಡೆಹಲ್ಲಿನ ಜಾಗಕ್ಕೆ, ಪಕ್ಕದ ಹಲ್ಲುಗಳಿಗೆ ಕಚ್ಚಿಸಿ ಕೂರಿಸಿದ ಬ್ರಿಜ್ಜೂ ಅವಳ ಕೈಯದೇ. ಅದನ್ನು ಕೂರಿಸಿದ ದಿನ, "ಇನ್ನು ನಿಮ್ಮ ಬಾಯಿ ನನ್ನ ಕೈಯಲ್ಲಿದೆ, ನೋಡ್ಕೊಂಡು ಮಾತಾಡಿ" ಎಂದು ನಕ್ಕಳು. ಅದೇ ಅವಳ ಕೊನೆಯ ಕೆಲಸ. ಆಮೇಲೆ ಹಾಸಿಗೆ ಹಿಡಿದವಳು ಏಳಲಿಲ್ಲ.

ಅವಳು ಹೋದ ಮೇಲೆ ನನ್ನ ಬಾಯಿ ಉರಿಯತೊಡಗಿತು. ಕೆನ್ನೆಯ ಒಳಗೆ ಹುಣ್ಣಾಯಿತು, ವಸಡು ಬಾತು ರಕ್ತ ಒಸರಿತು, ಊಟ ಸೇರದಾಯಿತು. ದುಃಖಕ್ಕೆ ಹೀಗಾಗಿದೆ ಎಂದು ಮನೆಯವರು ಅಂದುಕೊಂಡರು. ನಾನೂ ಹಾಗೆಯೇ ನಂಬಿದೆ. ದೇವರ ನಾಮ ಹೇಳುವಾಗ ನಾಲಿಗೆ ಲೋಹಕ್ಕೆ ತಗುಲಿ ಉರಿದರೆ, ಅವಳನ್ನು ಮರೆಯದಿರಲೆಂದು ಆತನೇ ಕೊಟ್ಟದ್ದು ಎಂದು ತಡೆದುಕೊಂಡೆ.

ಮಗಳು ಬಿಡಲಿಲ್ಲ. ಹಲ್ಲಿನ ಡಾಕ್ಟರು ಚರ್ಮದ ಡಾಕ್ಟರ ಬಳಿ ಕಳಿಸಿದರು. ಅಲ್ಲಿ ಯಾವುದು ಮೈಗೆ ಒಗ್ಗದೆಂದು ನೋಡಲು ಬೆನ್ನಿಗೆ ಬೇರೆ ಬೇರೆ ಲೋಹದ ಪಟ್ಟಿ ಅಂಟಿಸಿದರು. ಬಿಚ್ಚಿದಾಗ ನಿಕ್ಕಲ್ ಇದ್ದ ಕಡೆ ಮಾತ್ರ ಗುಳ್ಳೆ ಎದ್ದಿತ್ತು. ಬ್ರಿಜ್ಜಿನಲ್ಲಿದ್ದುದೂ ನಿಕ್ಕಲ್ಲೇ. ಹಾಗೇ ಬಿಟ್ಟರೆ ವಸಡು ಕೆಟ್ಟು ಇದ್ದ ಹಲ್ಲೂ ಸಡಿಲವಾಗಬಹುದು, ತೆಗೆಯಲೇಬೇಕು ಎಂದರು ಹಲ್ಲಿನ ಡಾಕ್ಟರು. ಇಡಿಯಾಗಿ ತೆಗೆದು ನನ್ನ ಕೈಗೆ ಕೊಡಿ ಎಂದು ಕೇಳಿದೆ. ಹಾಗೆ ಆಗುವುದಿಲ್ಲವಂತೆ, ಕೊಯ್ದು ತುಂಡು ಮಾಡಿಯೇ ತೆಗೆಯಬೇಕಂತೆ.

"ಹಾಗಾದ್ರೆ ಬೇಡ," ಎಂದೆ.

"ಅಪ್ಪಾ, ಅಳತೆ ಕೂರದ ಹಲ್ಲನ್ನ ಅಮ್ಮ ಎಷ್ಟು ಸಲ ಒಡೆದು ಹಾಕಿಲ್ಲ? ಇದು ನಿಮ್ಮನ್ನ ತಿಂತಿದೆ ಅಂತ ಗೊತ್ತಾಗಿದ್ರೆ ಇಟ್ಟಿರ್ತಿದ್ಲಾ?"

ಹೋಗಿ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಒರಗಿದೆ. ಸೂಜಿ ಚುಚ್ಚಿದರು. ದವಡೆ ಮರಗಟ್ಟಿತು, ಉರಿ ನಿಂತಿತು. ಎಷ್ಟೋ ತಿಂಗಳ ಮೇಲೆ ಬಾಯಿ ತಣ್ಣಗಾಗಿತ್ತು. ಆ ತಂಪಿನಲ್ಲಿ ಹೆಂಡತಿಯನ್ನು ಹುಡುಕಿದೆ, ಸಿಗಲಿಲ್ಲ. ನಾಮ ಹೇಳೋಣವೆಂದರೆ ನಾಲಿಗೆ ಏಳಲಿಲ್ಲ. ಯಂತ್ರ ಹಲ್ಲಿಗೆ ತಾಗುತ್ತಲೇ ಕೈ ಎತ್ತಿಬಿಟ್ಟೆ.

ಡಾಕ್ಟರು ನಿಲ್ಲಿಸಿ, ನೋವಾಯಿತೇ ಎಂದು ಕೇಳಿದರು. ಬಾಯಿ ತುಂಬ ಅವರ ಸಲಕರಣೆ. ಹೂಂ ಎನ್ನಲಾರೆ, ಊಹೂಂ ಎನ್ನಲಾರೆ. ಮಗಳು ಬಂದು ಎತ್ತಿದ ಕೈ ಹಿಡಿದುಕೊಂಡಳು. ಇಳಿಸಲಿಲ್ಲ, ಕಾದಳು. ಅವಳ ಕಣ್ಣು ನನ್ನ ಬಾಯೊಳಗಿನ ಆ ಲೋಹದ ಮೇಲೇ ಇತ್ತು. ಅವಳಿಗೂ ಇದು ತಾಯಿಯ ಕೊನೆಯ ಕೆಲಸವೇ ಅಲ್ಲವೇ ಎಂಬುದು ಆಗ ಹೊಳೆಯಿತು.

ಕಣ್ಣು ಮುಚ್ಚಿ ಕೈ ಇಳಿಸಿದೆ. ಡಾಕ್ಟರು ಕೊಯ್ಯತೊಡಗಿದರು.